ಪುನರ್ಪುಳಿಯನ್ನು ಹುಣಸೆಯಂತೆ ಕುದಿಸಬೇಡಿ

ಮಾಟುಂಗದಲ್ಲಿ ನಾನು ನಡೆಸುವ ಅಡುಗೆಮನೆಗೆ ಹೊಸದಾಗಿ ಬರುವ ಹುಡುಗರಿಗೆ ಮೊದಲು ಬಿಡಿಸಬೇಕಾಗುವ ರೂಢಿಯೆಂದರೆ, ಪುನರ್ಪುಳಿಯ ಒಣಸಿಪ್ಪೆಯನ್ನು ಹುಣಸೆಹಣ್ಣಿನಂತೆ ಕಿವುಚಿ ಕೊತಕೊತ ಕುದಿಸುವುದು. ಉಡುಪಿಯ ಕಡೆ ಪುನರ್ಪುಳಿ, ಶಿರಸಿಯ ಕಡೆ ಮುರುಗಲು ಎನಿಸಿಕೊಳ್ಳುವ ಈ ಹಣ್ಣಿನ ಸಿಪ್ಪೆ ಮುಂಬಯಿಯ ಅಂಗಡಿಗಳಲ್ಲಿ ಕೋಕಂ ಅಥವಾ ಆಮ್ಸೂಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಪಕ್ಕದಲ್ಲೇ ಇರುವ ಆಗಳ್ ಬಾಟಲಿಯಲ್ಲಿರುವುದು ಉಪ್ಪು ಬೆರೆತ ಗಟ್ಟಿ ರಸ. ಅದನ್ನು ಶರಬತ್ತಿನ ಪಾಕವೆಂದು ಕೊಂಡು ಮನೆಗೆ ಹೋಗಿ ಪೇಚಾಡಿದವರು ನಮ್ಮವರಲ್ಲಿ ಬಹಳ ಮಂದಿ ಇದ್ದಾರೆ.

ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಮಾಗಿದಾಗ ಕೊಂಕಣದಲ್ಲಿ ಸಿಪ್ಪೆಯನ್ನು ಬೇರ್ಪಡಿಸಿ, ಅದೇ ಹಣ್ಣಿನ ಉಪ್ಪು ಹಾಕಿದ ರಸದಲ್ಲಿ ಅದ್ದಿ ಬಿಸಿಲಿಗೆ ಹರಡುತ್ತಾರೆ, ಒಣಗಿದ ಮೇಲೆ ಮತ್ತೆ ಅದ್ದುತ್ತಾರೆ. ಹೀಗೆ ಹಲವು ಬಾರಿ ರಸ ಕುಡಿದ ಸಿಪ್ಪೆ ಕಪ್ಪಗೆ ಕಂಡರೂ ಮೆತ್ತಗಿರುತ್ತದೆ, ಬೆರಳಿಗೆ ತುಸು ಅಂಟುತ್ತದೆ. ಮುಟ್ಟಿದರೆ ಪುಡಿಯಾಗುವ ಸಿಪ್ಪೆಯನ್ನು ನಾನು ಎಷ್ಟೇ ಅಗ್ಗವಾದರೂ ಕೊಳ್ಳುವುದಿಲ್ಲ.

ಇದರ ಕೆಂಪು ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು. ಹುಳಿಯಲ್ಲಿ ಕೆಂಪಾಗಿಯೇ ಉಳಿಯುವ ಈ ಬಣ್ಣ ಚಿಟಿಕೆ ಅಡುಗೆಸೋಡಾ ಬಿದ್ದೊಡನೆ ನೀಲಿಛಾಯೆಗೆ ತಿರುಗುತ್ತದೆ, ಬಹಳ ಹೊತ್ತಿನ ಕಾವಿಗೆ ಮಾಸಿಹೋಗುತ್ತದೆ. ಕುದಿಸಿದಷ್ಟೂ ಒಗರು ಬಿಡುವುದು ಇನ್ನೊಂದು ತೊಂದರೆ. ಆದ್ದರಿಂದ ಸಾರಿಗಾದರೆ ನೆನೆಸಿದ ನೀರಿಗೆ ಬೆಲ್ಲ, ಹಸಿಮೆಣಸು ಹಾಕಿ ಒಂದೇ ಕುದಿ ಬಂದೊಡನೆ ಇಳಿಸಿ, ತುಪ್ಪದಲ್ಲಿ ಜೀರಿಗೆಯ ಒಗ್ಗರಣೆ ಕೊಟ್ಟರೆ ಸಾಕು.

ಸೋಲ್‌ಕಢಿಗೆ ಒಲೆಯೇ ಬೇಡ; ಇದು ತೆಂಗಿನಹಾಲು ಬೆರೆಸಿ ಊಟದೊಂದಿಗೆ ಕುಡಿಯುವ ಕೊಂಕಣದ ಪಾನೀಯ. ಹತ್ತು ಹನ್ನೆರಡು ಸಿಪ್ಪೆಗಳನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೆಲ್ಲಗೆ ಹಿಸುಕಿ ಸೋಸಿಕೊಳ್ಳಬೇಕು. ಅರ್ಧ ತೆಂಗಿನಕಾಯಿಯ ತುರಿಯನ್ನು ಬೆಳ್ಳುಳ್ಳಿ, ಹಸಿಮೆಣಸು, ಜೀರಿಗೆಯೊಂದಿಗೆ ಅರೆದು ಹಾಲು ಹಿಂಡಿ, ಅದಕ್ಕೆ ಈ ರಸವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಬಂದರೆ ಬಿಳುಪು ಮೊದಲು ನಸುಗೆಂಪಾಗಿ, ಆಮೇಲೆ ಕಣಗಿಲೆಯ ಹೂವಿನ ಬಣ್ಣಕ್ಕೆ ಬರುತ್ತದೆ; ಅಲ್ಲಿಗೆ ನಿಲ್ಲಿಸಿ. ಸಿಪ್ಪೆಯಲ್ಲೇ ಉಪ್ಪಿರುವುದರಿಂದ ರುಚಿ ನೋಡದೆ ಉಪ್ಪು ಹಾಕಬಾರದು. ಹಿಂದೊಮ್ಮೆ ಮದುವೆಯೂಟಕ್ಕೆ ಮಾಡಿದ್ದನ್ನು ಬಿಸಿ ಮಾಡಲು ಹೋಗಿ, ಹಾಲೆಲ್ಲ ಒಡೆದು ಗಷ್ಟು ತೇಲಿದ್ದನ್ನು ನಾನಿನ್ನೂ ಮರೆತಿಲ್ಲ. ಹುಳಿ ಲೋಹವನ್ನು ತಿನ್ನುವುದರಿಂದ ಅಲ್ಯೂಮಿನಿಯಂ ಪಾತ್ರೆಯೂ ಸಲ್ಲದು. ಸ್ಟೀಲ್ ಅಥವಾ ಪಿಂಗಾಣಿ ಇರಲಿ.

ಹಿಸುಕಿ ಉಳಿದ ಸಿಪ್ಪೆಯಲ್ಲಿ ಇನ್ನೂ ಹುಳಿ ಇರುತ್ತದೆ. ಅದನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಮರುದಿನ ಬಂಗುಡೆ ಮೀನಿನ ಪದಾರ್ಥ ಇಳಿಸುವ ಐದು ನಿಮಿಷ ಮೊದಲು ಇಡಿಯಾಗಿಯೇ ಹಾಕಿ.