ಕಾಮಿಡಿ ಪಾತ್ರಕ್ಕೆ ತೂಕ ನೋಡಬೇಡಿ

ಜಾತ್ರೆ ನಾಟಕದ ಕಾಲ ಬಂದರೆ ಬಳ್ಳಾರಿ ಸುತ್ತಲ ಹಳ್ಳಿಗಳಿಂದ ನಾಟಕ ಕಲಿಸುವ ನನಗೆ ಒಂದೇ ಬೇಡಿಕೆ. 'ಮಾಸ್ತರ್ರೇ, ಕಾಮಿಡಿ ಪಾತ್ರಕ್ಕ ದಪ್ಪನ ಹೆಣ್ಮಗಳನ್ನ ಕರಸ್ರಿ. ಟುನ್ ಟುನ್ ಇದ್ದಂಗಿರಬೇಕು.' ಹಾಡು ಬರುತ್ತಾ, ಲಯ ಇದೆಯಾ ಅಂತ ಒಬ್ಬರೂ ಕೇಳುವುದಿಲ್ಲ. ಕೇಳಿ ಕೇಳಿ ಸಾಕಾಗಿದೆ.

ಟುನ್ ಟುನ್ ಅಂದರೆ ಹಿಂದಿ ಸಿನಿಮಾದ ಹಾಸ್ಯನಟಿ ಉಮಾದೇವಿ. ಉತ್ತರ ಪ್ರದೇಶದ ಅಮ್ರೋಹಾ ಕಡೆಯವರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಲ್ಲವಾದರು. ಹಾಡಬೇಕು ಅಂತ ಬೊಂಬಾಯಿಗೆ ಓಡಿಬಂದು ಸಂಗೀತ ನಿರ್ದೇಶಕ ನೌಶಾದ್ ಅವರ ಬಾಗಿಲು ತಟ್ಟಿದರು. 1947ರ 'ದರ್ದ್' ಚಿತ್ರದ 'ಅಫ್ಸಾನಾ ಲಿಖ್ ರಹೀ ಹೂಂ' ಅವರದೇ ದನಿ. ಹೊಸ ಗಾಯಕಿಯರು ಬಂದು ಹಾಡು ಕಡಿಮೆಯಾದಾಗ ನೌಶಾದ್ ಅವರೇ ನಟನೆಗೆ ಹಚ್ಚಿದರು. 1950ರ 'ಬಾಬುಲ್'ನಲ್ಲಿ ದಿಲೀಪ್ ಕುಮಾರ್ ಜೊತೆ ಬಂದರು. ಟುನ್ ಟುನ್ ಹೆಸರು ನಿಂತಿದ್ದು ಆಮೇಲೆ. 2003ರಲ್ಲಿ ತೀರಿಕೊಂಡರು.

ಅಂದರೆ ಆಕೆ ಮೊದಲು ಹಾಡುಗಾರ್ತಿ. ಹಾಡಿದ್ದರಿಂದಲೇ ಹಾಸ್ಯ ಬಂತು ಅಂತ ಆಣೆ ಮಾಡಿ ಹೇಳಲಾರೆ. ಆದರೆ ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದು ಹಾಡುವವರಿಗೆ ಬೇಗ ಹತ್ತುತ್ತದೆ. ತಾಲೀಮಿನಲ್ಲಿ ಇದನ್ನು ದಿನಾ ನೋಡುತ್ತೇನೆ.

ಒಂದು ಮಾತು ತಗೊಳ್ಳಿ. ಗಂಡ ಬಂದು 'ಅಡುಗಿ ಏನೇ?' ಅನ್ನುತ್ತಾನೆ. ಹೊಸಬಳಾದರೆ ಥಟ್ಟನೆ 'ನಿನ್ನ ತಲಿ' ಅಂತ ಕಿರುಚುತ್ತಾಳೆ. ನಗು ಬರುವುದಿಲ್ಲ. ಬಲ್ಲವಳು ಸೆರಗು ಸಿಕ್ಕಿಸುತ್ತಾಳೆ, ಗಂಡನನ್ನು ಕಾಲಿಂದ ತಲೆತನಕ ನೋಡುತ್ತಾಳೆ, ತಲೆಯ ಹತ್ತಿರ ಕಣ್ಣು ನಿಲ್ಲಿಸುತ್ತಾಳೆ. ಮಾತು ಬರುವ ಮೊದಲೇ ಜನ ನಕ್ಕಿರುತ್ತಾರೆ. ಆಮೇಲೆ ಮೆಲ್ಲಗೆ 'ನಿನ್ನ ತಲಿ'. ನಗು ಇಳಿಯುತ್ತಿರುವಾಗಲೇ ಮುಂದಿನ ಮಾತು ಹಿಡಿಯಬೇಕು. ಜೋರು ಇರುವಾಗ ಆಡಿದರೆ ಕೇಳಿಸುವುದಿಲ್ಲ, ಪೂರ್ತಿ ಆರಿದ ಮೇಲೆ ಆಡಿದರೆ ಸಪ್ಪೆ.

ನಾಟಕದಲ್ಲಿ ಜನರ ನಗು ಕಿವಿಗೆ ಬೀಳುತ್ತದೆ. ಸಿನಿಮಾದವರಿಗೆ ಅದೂ ಇಲ್ಲ. ಕ್ಯಾಮೆರಾ ಮುಂದೆ ಎಲ್ಲರೂ ಬಾಯಿ ಮುಚ್ಚಿ ನಿಂತಿರುತ್ತಾರೆ. ಥಿಯೇಟರಿನಲ್ಲಿ ಯಾವತ್ತೋ ಬರುವ ನಗುವನ್ನು ಅಲ್ಲೇ ಅಂದಾಜು ಮಾಡಿ ಆಡಬೇಕು. ಉಮಾದೇವಿ ಹಾಗೆ ಸುಮಾರು 200 ಚಿತ್ರಗಳಲ್ಲಿ ಆಡಿದರು. ಗುರುದತ್ ಅವರ 'ಪ್ಯಾಸಾ'ದಂಥ ದುಃಖದ ಚಿತ್ರದಲ್ಲೂ ಅವರಿಗೊಂದು ಪಾತ್ರವಿದೆ. ಅಂಥವರನ್ನು ಬರೀ ಮೈ ಅಂತ ನೆನಪಿಟ್ಟುಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಅವರ ಮೈಯನ್ನು ಸಿನಿಮಾದವರು ಬಳಸಿಕೊಳ್ಳಲಿಲ್ಲ ಅಂತಲ್ಲ. ಜಾಸ್ತಿನೇ ಬಳಸಿಕೊಂಡರು. ಬೀಳಿಸಿದರು, ಕುರ್ಚಿಯಲ್ಲಿ ಸಿಕ್ಕಿಸಿದರು. ಆದರೆ ಬೀಳುವುದಕ್ಕೂ ಟೈಮಿಂಗ್ ಬೇಕು, ಅಲ್ವಾ?

ಒಮ್ಮೆ ಸಿರುಗುಪ್ಪ ಕಡೆಯ ಊರಿಗೆ ಹಟ ಹಿಡಿದು ಕಡ್ಡಿಯಂಥ ಹುಡುಗಿಯನ್ನು ಕರೆದೊಯ್ದೆ. ಭಜನೆ ಹಾಡಿ ಪಳಗಿದ ದನಿ. ಹುಡುಗರು ಮುಖ ಸಿಂಡರಿಸಿದರು. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ಮಾತ್ರ ಒಂದು ತಾಲೀಮು ನೋಡಿ, 'ಇಕಿ ಇರ್ಲಿ ಬಿಡ್ರಿ' ಅಂದರು. ನಾಟಕದ ರಾತ್ರಿ ಆಕೆಯ ಸೀನಿಗೆ ಮೂರು ಸಲ ಒನ್ಸ್ ಮೋರ್ ಬಿತ್ತು. ಈಗ ಆ ಊರಿನವರು ಫೋನ್ ಮಾಡಿದರೆ ಆಕೆ ಬರುತ್ತಾಳಾ ಅಂತ ಕೇಳಿಕೊಂಡೇ ತಾರೀಖು ಗೊತ್ತು ಮಾಡುತ್ತಾರೆ.