ಎಂಬಿಬಿಎಸ್ ಓದದವರಿಗೆ ಕ್ಯಾನ್ಸರ್ ಸಂಶೋಧನೆಯಲ್ಲಿ ಏನು ಕೆಲಸ?

ಓದುಗರ ಪ್ರಶ್ನೆ: ಕೊಣಾಜೆಯಲ್ಲಿ ಬಯೋಸೈನ್ಸ್ ಎಂ.ಎಸ್ಸಿ. ಓದುತ್ತಿದ್ದೇನೆ, ಎರಡನೇ ವರ್ಷ. ಊರು ಕಾರ್ಕಳದ ಕಡೆ, ಮನೆಯಲ್ಲಿ ಅಡಿಕೆ ತೋಟವಿದೆ. ಕ್ಯಾನ್ಸರ್ ವಿಷಯದಲ್ಲಿ ಪಿಎಚ್.ಡಿ. ಮಾಡುವ ಆಸೆ. ‘ಡಾಕ್ಟರ್ ಓದದೆ ಕ್ಯಾನ್ಸರಿನಲ್ಲಿ ನಿನಗೇನು ಕೆಲಸ?’ ಎಂದು ಅಪ್ಪ ಕೇಳುತ್ತಾರೆ. ನನ್ನ ಪದವಿಯ ಹೆಸರಿನಲ್ಲಂತೂ ಕ್ಯಾನ್ಸರ್ ಎಂಬ ಪದವೇ ಇಲ್ಲ. ನಾನು ಅರ್ಜಿ ಹಾಕಬಹುದೇ?

ಉತ್ತರ: ಧಾರಾಳವಾಗಿ ಹಾಕಬಹುದು. ಅಪ್ಪನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮಗು ವಿಜ್ಞಾನ ತೆಗೆದುಕೊಂಡಿತೆಂದರೆ ಡಾಕ್ಟರೋ ಎಂಜಿನಿಯರೋ ಎಂದು ಪಿಯುಸಿಯಲ್ಲೇ ತೀರ್ಮಾನಿಸಿಬಿಡುವ ಜಿಲ್ಲೆಗಳು ನಮ್ಮವು. ಔಷಧ ಬರೆದುಕೊಡಲು, ಗಡ್ಡೆ ತೆಗೆಯಲು ವೈದ್ಯರೇ ಬೇಕು, ಸರಿ. ಆದರೆ ಜೀವಕೋಶವೊಂದು ನಿಲ್ಲಬೇಕಾದಲ್ಲಿ ನಿಲ್ಲದೆ ಏಕೆ ಒಡೆದು ಎರಡಾಗುತ್ತಲೇ ಹೋಗುತ್ತದೆ, ಅದನ್ನು ತಡೆಯಬೇಕಿದ್ದ ಪಿ53 ಎಂಬ ಪ್ರೋಟೀನ್ ಎಲ್ಲಿ ಕೆಟ್ಟಿತು, ಮೊದಮೊದಲು ಗಡ್ಡೆಯನ್ನು ಕರಗಿಸಿದ ಔಷಧ ಆಮೇಲೆ ಏಕೆ ಸೋತಿತು ಎಂಬವೆಲ್ಲ ಜೀವವಿಜ್ಞಾನದ ಪ್ರಶ್ನೆಗಳು. ಇವನ್ನು ಬಿಡಿಸಲು ಕುಳಿತವರಲ್ಲಿ ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ, ಈಚೆಗೆ ಕಂಪ್ಯೂಟರ್ ಓದಿದವರೂ ಇದ್ದಾರೆ.

ಅಪ್ಪನಿಗೆ ಕಮಲ್ ರಣದಿವೆ ಅವರ ಕತೆ ಹೇಳಿ. 1917ರಲ್ಲಿ ಪುಣೆಯಲ್ಲಿ ಹುಟ್ಟಿದವರು. ಮಗಳು ಮೆಡಿಕಲ್ ಓದಲಿ, ಡಾಕ್ಟರನ್ನೇ ಮದುವೆಯಾಗಲಿ ಎಂದು ಅವರ ತಂದೆಗೂ ಇತ್ತು. ಮಗಳು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಗಣಿತದವರೊಬ್ಬರನ್ನು ಮದುವೆಯಾದರು. 1949ರಲ್ಲಿ ಪಿಎಚ್.ಡಿ. ಮುಗಿಸಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಬಳಿ ಅಂಗಾಂಶ ಕೃಷಿ, ಅಂದರೆ ದೇಹದ ಕೋಶಗಳನ್ನು ಹೊರಗೆ ಲ್ಯಾಬಿನಲ್ಲಿ ಬೆಳೆಸುವ ವಿದ್ಯೆ ಕಲಿತರು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ, ಅವರನ್ನು ಒಂದು ಮಾತೂ ಕೇಳದೆ, ತೆಗೆದ ಕೋಶಗಳು ಬೆಳೆದದ್ದು ಇದೇ ಗೇ ಅವರ ಲ್ಯಾಬಿನಲ್ಲಿ. ಆ ಹೀಲಾ ಕೋಶಗಳು ಇಂದಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ. ರಣದಿವೆ ಮುಂಬೈಗೆ ಮರಳಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ಕಟ್ಟಿದರು. ಎಂಬಿಬಿಎಸ್ ಅವರ ಬಳಿ ಇರಲಿಲ್ಲ.

ಪದವಿಯ ಹೆಸರಿಗಾಗಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಕ್ಯಾನ್ಸರ್ ಮೇಲೆ ಕೆಲಸ ಮಾಡಿದ ಬಹಳ ಮಂದಿಯ ಪಿಎಚ್.ಡಿ. ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ, ಜೀವವಿಜ್ಞಾನ ಎಂಬ ಹೆಸರಿನಲ್ಲೇ ಇರುತ್ತದೆ. ದೇರಳಕಟ್ಟೆಯ ಯೆನೆಪೋಯ ಮತ್ತು ನಿಟ್ಟೆ ವಿಶ್ವವಿದ್ಯಾಲಯಗಳಲ್ಲಿ, ಮಣಿಪಾಲದಲ್ಲಿ ಲ್ಯಾಬಿನ ಪಕ್ಕದಲ್ಲೇ ದೊಡ್ಡ ಆಸ್ಪತ್ರೆಯಿರುವುದು ಈ ವಿಷಯದವರಿಗೆ ಸಣ್ಣ ಅನುಕೂಲವಲ್ಲ. ಊರು ಬಿಡಲು ಸಿದ್ಧರಿದ್ದರೆ ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಮೆಮೋರಿಯಲ್ ಸೆಂಟರಿನ ಸಂಶೋಧನಾ ಕೇಂದ್ರ ಆಕ್ಟ್ರೆಕ್ ಇದೆ. ಅಲ್ಲಿನ ಆಯ್ಕೆ ಬಿಗಿ, ಆದರೆ ಕ್ಯಾನ್ಸರ್ ಬಿಟ್ಟು ಬೇರೆ ಮಾತೇ ಇಲ್ಲದ ಜಾಗ.

ಎಲ್ಲೇ ಹೋದರೂ ಗೈಡ್ ಯಾರು ಎಂಬುದರ ಮೇಲೆ ಮುಂದಿನ ಐದಾರು ವರ್ಷ ನಿಂತಿದೆ. ಇದನ್ನು ವೆಬ್‌ಸೈಟ್ ನೋಡಿ ತಿಳಿಯಲಾಗದು. ಅವರ ಕೈಕೆಳಗಿನ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಒಂದು ಚಹಾ ಕುಡಿಯಿರಿ. ಹಿಂದಿನ ಮೂವರು ಎಷ್ಟು ವರ್ಷಕ್ಕೆ ಥೀಸಿಸ್ ಕೊಟ್ಟರು? ಪ್ರಾಜೆಕ್ಟಿನ ಹಣ ಮುಗಿದಾಗ ಕೆಮಿಕಲ್ ಎಲ್ಲಿಂದ ಬಂತು? ಪೇಪರಿನಲ್ಲಿ ಮೊದಲ ಹೆಸರು ಯಾರದು? ಉತ್ತರ ಹೇಳುವ ಮುನ್ನ ಅವರು ಒಮ್ಮೆ ಹಿಂದೆ ತಿರುಗಿ ನೋಡಿದರೆ ಅದೂ ಉತ್ತರವೇ.

ಈ ಕೆಲಸ ನಿಮ್ಮ ಕೈಗೆ ಒಗ್ಗುತ್ತದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಎಂ.ಎಸ್ಸಿ.ಯ ಕೊನೆಯ ಲ್ಯಾಬ್ ಪ್ರಾಜೆಕ್ಟ್, ಅಂದರೆ ಡಿಸರ್ಟೇಷನ್ ಇರುವುದೇ ಅದಕ್ಕೆ. ಇಲ್ಲಿನ ಲ್ಯಾಬೊಂದರಲ್ಲಿ ಎರಡು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದಾಗ ನನಗೆ ತಿಳಿದದ್ದು, ಸೆಲ್ ಕಲ್ಚರ್, ಅಂದರೆ ಹೀಗೆ ಕೋಶ ಬೆಳೆಸುವುದು, ಹಸು ಸಾಕಿದ ಹಾಗೆ ಎಂದು. ಕೋಶಗಳು ಮೀಡಿಯಂ ಎಂಬ ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ, ಪ್ಲಾಸ್ಟಿಕ್ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು, 37 ಡಿಗ್ರಿ ಬಿಸಿಯ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ ಬೆಳೆಯುತ್ತವೆ. ಅವು ಉಂಡು ಆಮ್ಲ ಬಿಟ್ಟಂತೆ ಗುಲಾಬಿ ಹಳದಿಗೆ ತಿರುಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಮೀಡಿಯಂ ಬದಲಿಸಲೇಬೇಕು, ಅಂದು ಚೌತಿಯಿರಲಿ, ಅಷ್ಟಮಿಯಿರಲಿ. ನಮ್ಮ ಮಳೆಗಾಲದ ಆಟಿ ತಿಂಗಳಂತೂ ಕೇಳುವುದೇ ಬೇಡ, ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಕಾಲ. ಅಂಥದ್ದೊಂದು ಸೋಮವಾರ ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ, ತಿಳಿಯಾಗಿರಬೇಕಿದ್ದ ಮೀಡಿಯಂನಲ್ಲಿ ಹತ್ತಿಯ ಎಳೆಯಂಥದ್ದು ತೇಲುತ್ತಿತ್ತು. ಫಂಗಸ್. ಶನಿವಾರ ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಕೈಗೆ ಸ್ಪಿರಿಟ್ ಸರಿಯಾಗಿ ಹಚ್ಚದೆ, ಸೋಸಿದ ಗಾಳಿಯ ಪೆಟ್ಟಿಗೆಯಾದ ಹುಡ್‌ನೊಳಗೆ ಕೈ ಹಾಕಿದವನು ನಾನೇ. ಎಲ್ಲ ಫ್ಲಾಸ್ಕುಗಳಿಗೆ ಬ್ಲೀಚ್ ಸುರಿದು, ಇನ್‌ಕ್ಯುಬೇಟರಿನ ತಟ್ಟೆಗಳನ್ನು ಬಿಚ್ಚಿ ಒರೆಸಿ ಮತ್ತೆ ಮೊದಲಿನಿಂದ ಶುರು. ಆರು ವಾರದ ಕೆಲಸ ಹೋಯಿತು.

ಫಂಗಸ್ ಆದರೂ ಕಣ್ಣಿಗೆ ಬೀಳುತ್ತದೆ. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯ ಮೈಕ್ರೋಸ್ಕೋಪಿಗೂ ಸಿಗದೆ ಕೋಶಗಳ ಜೊತೆಗೇ ಬದುಕಿ, ಅವುಗಳ ನಡವಳಿಕೆ ಬದಲಿಸಿ, ತಪ್ಪು ಫಲಿತಾಂಶ ಕೊಡಿಸುತ್ತದೆ. ಲ್ಯಾಬಿನಲ್ಲಿ ಅದರ ಪರೀಕ್ಷೆ ಆಗಾಗ ಮಾಡುತ್ತಾರೆಯೇ, ಕೋಶಗಳನ್ನು ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ (ಎನ್‌ಸಿಸಿಎಸ್) ಕೋಶ ಭಂಡಾರದಿಂದ ತರಿಸುತ್ತಾರೆಯೇ ಅಥವಾ ಪಕ್ಕದ ಲ್ಯಾಬಿನಿಂದ ಕಡ ತರುತ್ತಾರೆಯೇ ಎಂದು ಕೇಳಿ. ನನ್ನ ಮಟ್ಟಿಗೆ ಇದು ಗೈಡಿನ ಪೇಪರುಗಳ ಪಟ್ಟಿಗಿಂತ ಹೆಚ್ಚು ಹೇಳುವ ಪ್ರಶ್ನೆ.

ನಿಯಮಗಳು ಸರಳ. ಯುಜಿಸಿಯ 2022ರ ನಿಯಮದಂತೆ ಎಂ.ಎಸ್ಸಿ.ಯಲ್ಲಿ ಶೇ. 55 ಅಂಕ ಬೇಕು, ಮೀಸಲಾತಿಯವರಿಗೆ ಶೇ. 5 ರಿಯಾಯಿತಿ. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯಾದ ಡಿಬಿಟಿ ಕೂಡ ಫೆಲೋಶಿಪ್ ಕೊಡುತ್ತವೆ, ಅವನ್ನೂ ಬಿಡಬೇಡಿ. ಫೆಲೋಶಿಪ್ ಇಲ್ಲದೆ ಬರಿಗೈಯಲ್ಲಿ ಸೇರುವುದು ಬೇಡ ಎಂಬುದು ನನ್ನ ಸಲಹೆ. ಐದನೇ ವರ್ಷದಲ್ಲಿ ಮನೆಗೆ ಹಣ ಕೇಳಬೇಕಾದಾಗ ಅಪ್ಪನ ಹಳೆಯ ಪ್ರಶ್ನೆ ಮತ್ತೆ ಏಳುತ್ತದೆ.

ಅಡಿಕೆಯ ಮಾತು ನೀವೇ ಎತ್ತಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂದಷ್ಟೇ. ಎಷ್ಟು ಜಗಿದರೆ ಎಷ್ಟು ಅಪಾಯ ಎಂದು ಹೇಳುವುದಿಲ್ಲ. ಅಡಿಕೆಯೊಳಗಿನ ಅರೆಕೊಲಿನ್ ಒಂದನ್ನೇ ಬೇರೆಯಾಗಿ ಪರಿಶೀಲಿಸಿದಾಗ ಅದೇ ಸಂಸ್ಥೆ ‘ಕ್ಯಾನ್ಸರ್ ತರುವ ಸಾಧ್ಯತೆಯಿದೆ’ ಎಂಬ ಕೆಳಗಿನ ಗುಂಪಿನಲ್ಲಿಟ್ಟಿತು. ಇಡೀ ಅಡಿಕೆಗೂ ಅದರೊಳಗಿನ ಒಂದು ರಾಸಾಯನಿಕಕ್ಕೂ ನಡುವೆ ಇರುವ ಈ ಅಂತರದಲ್ಲಿ ಒಂದಲ್ಲ, ನಾಲ್ಕು ಪಿಎಚ್.ಡಿ.ಗೆ ಜಾಗವಿದೆ. ಬೆಳೆಗಾರರ ಮನೆಯವರು ಈ ಕೆಲಸ ಮಾಡಬಾರದೆಂದೇನೂ ಇಲ್ಲ. ಊಟದ ಹೊತ್ತಿಗೆ ಮನೆಯಲ್ಲಿ ವಾದ ನಡೆದೀತು, ನಡೆಯಲಿ.

ಅಂಥ ಕೆಲಸಕ್ಕೆ ಬಾಯಿಯ ಗಡ್ಡೆಯ ತುಣುಕು ಬೇಕಾಗುತ್ತದೆ. ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಸಿಕ್ಕ ಮೇಲೂ ಪ್ರತಿ ರೋಗಿಯ ಮುಂದೆ ಕುಳಿತು, ಈ ತುಣುಕನ್ನು ಏನು ಮಾಡುತ್ತೇವೆ, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಕನ್ನಡದ ಒಪ್ಪಿಗೆ ಪತ್ರ ಹಿಡಿದು, ಬರೀ ತುಳು ಆಡುವ ಅಜ್ಜಿಯ ಮುಂದೆ ತಡವರಿಸುವ ಸಂಶೋಧಕರನ್ನು ನೋಡಿದ್ದೇನೆ. ಕಾರ್ಕಳದವರಾದ ನಿಮಗೆ ಆ ತೊಂದರೆಯಿಲ್ಲ. ಗೈಡಿಗೆ ಬರೆಯುವ ಮೊದಲ ಪತ್ರದಲ್ಲಿ ತುಳು ಬರುತ್ತದೆ ಎಂಬ ಸಾಲನ್ನೂ ಸೇರಿಸಿ.