ಗಟ್ಟಿ ಕಲ್ಲಿನ ನೆಲವೂ ನಡುಗುತ್ತದೆ

ಹುಬ್ಬಳ್ಳಿಯಲ್ಲಿ ಗೋಡೆ ಬಿರುಕು ಬಿಟ್ಟರೆ ಮೊದಲು ಬೈಸಿಕೊಳ್ಳುವುದು ಎರೆ ಮಣ್ಣು. ತಪ್ಪೇನಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣದು, ಪಾಯ ಜಗ್ಗುತ್ತದೆ. ಭೂಕಂಪ ಮಾತ್ರ ಯಾರ ತಲೆಗೂ ಬರಲ್ಲ. ನಮ್ಮ ಕೆಳಗಿರೋದು ಹಳೇ ಕಲ್ಲು, ಗಟ್ಟಿ ಕಲ್ಲು ಅಲ್ವಾ?

ಹಳೆಯದು ನಿಜ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಗದಗಿನ ಕಪ್ಪತಗುಡ್ಡವೂ ಇದೇ ಬಳಗ. ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಇಂಥ ನೆಲ ಅಲುಗಲ್ಲ ಎಂದು ಭೂವಿಜ್ಞಾನಿಗಳೂ ಬಹಳ ಕಾಲ ನಂಬಿದ್ದರು.

ತಕರಾರಿರುವುದು ಗಟ್ಟಿತನದ ಲೆಕ್ಕದಲ್ಲಿ. ಗಾಜು ಲೆಕ್ಕಕ್ಕಿಂತ ಎಷ್ಟೋ ಕಡಿಮೆ ಬಲಕ್ಕೆ ಮುರಿಯುವುದೇಕೆ ಎಂದು 1920ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಎ.ಎ. ಗ್ರಿಫಿತ್ ವಿವರಿಸಿದರು. ಕಣ್ಣಿಗೆ ಕಾಣದ ಬಿರುಕುಗಳು ಮೊದಲೇ ಇರುತ್ತವೆ. ಅವುಗಳ ತುದಿಯಲ್ಲಿ ಒತ್ತಡ ಸೇರುತ್ತದೆ. ಒಂದು ಹಂತ ದಾಟಿದರೆ ಬಿರುಕು ತಾನಾಗಿಯೇ ಓಡುತ್ತದೆ. ಕಲ್ಲು ಒಡೆಯುವವರ ಕೆಲಸ ನೋಡಿ: ಸಾಲಾಗಿ ಕುಳಿ ಹೊಡೆದು, ಬೆಣೆ ಇಟ್ಟು, ಒಂದೊಂದಕ್ಕೂ ಸರದಿಯಂತೆ ಸುತ್ತಿಗೆ ಏಟು. ಬಹಳ ಹೊತ್ತು ಏನೂ ಆಗಲ್ಲ. ಆಮೇಲೆ ಒಂದೇ ಏಟಿಗೆ ಬಂಡೆ ಎರಡು ಹೋಳು.

1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾ ನಡುಗಿತು. ತೀವ್ರತೆ 6.3, ಸತ್ತವರು ಸುಮಾರು 200. ಅಲ್ಲಿ 100 ಮೀಟರಿಗೂ ಎತ್ತರದ ಅಣೆಕಟ್ಟು ಕಟ್ಟಿ, 1962ರ ಸುಮಾರಿಗೆ ನೀರು ತುಂಬತೊಡಗಿದಾಗಿನಿಂದಲೇ ಸಣ್ಣ ಕಂಪನಗಳು ಶುರುವಾಗಿದ್ದವು. ಆಳಕ್ಕೆ ಇಳಿದ ನೀರಿನ ಒತ್ತಡ, ಬಿರುಕಿನ ಎರಡು ಮೈ ಒಂದಕ್ಕೊಂದು ಒತ್ತಿ ಹಿಡಿದಿದ್ದ ಬಿಗಿಯನ್ನು ಸಡಿಲಿಸುತ್ತದೆ. ಜಾರಲು ಕಾದಿದ್ದ ಕಲ್ಲು ಜಾರುತ್ತದೆ. ನೀರು ನೆಪ ಮಾತ್ರ. ಶಕ್ತಿ ಕಲ್ಲಿನಲ್ಲೇ ಕೂಡಿಟ್ಟಿದ್ದು. ಮುಂದೆ ವಿಜ್ಞಾನಿಗಳು ಅಲ್ಲೇ ಮೂರು ಕಿಲೋಮೀಟರ್ ಆಳದ ಬೋರು ಕೊರೆದರು. ಸುಮಾರು 1.2 ಕಿಲೋಮೀಟರಿನಷ್ಟು ಕಪ್ಪು ಬಸಾಲ್ಟ್ ದಾಟಿದ ಮೇಲೆ ಸಿಕ್ಕಿದ್ದು ಹಳೇ ಗ್ರಾನೈಟ್ ಹಾಸು, ಅಂದರೆ ಅಲ್ಲೂ ತಳದಲ್ಲಿರುವುದು ಹಳೇ ಗಟ್ಟಿ ಕಲ್ಲೇ.

ಆಮೇಲೆ ಮಹಾರಾಷ್ಟ್ರದ್ದೇ ಲಾತೂರು ಜಿಲ್ಲೆಯ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಜನ ಮಲಗಿದ್ದಾಗಲೇ ಮನೆಗಳು ಕುಸಿದವು. ಸುಮಾರು 10,000 ಜನ ಹೋದರು. ತೀವ್ರತೆ ಕೊಯ್ನಾದಷ್ಟೇ. ಇಷ್ಟು ಜೀವ ತೆಗೆದಿದ್ದು ಮಣ್ಣಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ನವಲಗುಂದ, ರೋಣದ ಕಡೆ ಮಣ್ಣಿನ ಮಾಳಿಗೆ ಮನೆಗಳು ಇವತ್ತಿಗೂ ಇವೆ.

ಯಾವ ದಿನ, ಎಲ್ಲಿ ಎಂದು ಮೊದಲೇ ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿಕ್ಕಿಲ್ಲ. 2002ರ ಕಟ್ಟಡ ಸಂಹಿತೆಯಂತೂ ಧಾರವಾಡವನ್ನು ಮೂರನೇ ವಲಯಕ್ಕೆ, ಅಂದರೆ ಸಾಧಾರಣ ಅಪಾಯದ ಪಟ್ಟಿಗೆ ಸೇರಿಸಿತು. ಇಷ್ಟಾದರೂ ಮನೆ ಕಟ್ಟಿಸುವಾಗ ನಮ್ಮ ಮಾತೆಲ್ಲ ಪಾಯದ ಆಳದ್ದೇ. ಕಾಲಂ ಮತ್ತು ಬೀಮ್ ಕೂಡುವ ಜಾಗದಲ್ಲಿ, ನೆಲ ನಡುಗಿದಾಗ ಉದ್ದ ಕಂಬಿಗಳನ್ನು ಸುತ್ತಿ ಬಿಗಿಹಿಡಿಯುವ ರಿಂಗುಗಳು ಒತ್ತೊತ್ತಾಗಿವೆಯೇ ಎಂದು ಕಾಂಕ್ರೀಟ್ ಹಾಕುವ ಮುಂಚೆ ಬಗ್ಗಿ ನೋಡುವವರು ಕಮ್ಮಿ. ಕಬ್ಬಿಣ ಉಳಿಸಲು ಹೊರಟರೆ ಮೊದಲು ಕಡಿಮೆಯಾಗುವುದು ಅವೇ.